ಪ್ರಶ್ನೋತ್ತರ: ಗಂಡನಿಗೆ ವೀಸಾ ಬಂತು, ಟಿಕೆಟ್ ಯಾವ ತಾರೀಕಿಗೆ ಮಾಡುದು?

ಪ್ರಶ್ನೆ (ಬದಿಯಡ್ಕದವಳು, ಈಗ ಡಲ್ಲಾಸಲ್ಲಿ ನರ್ಸ್):

ಎಲ್ಲರಿಗೂ ನಮಸ್ಕಾರ. ಗ್ರೂಪಲ್ಲಿ ಇಮಿಗ್ರೇಶನ್ ಲಾಯರ್ ಒಬ್ರು ಇದ್ದಾರಲ್ಲ, ಅವರಿಗೇ ಈ ಪ್ರಶ್ನೆ, ಬೇರೆಯವರಿಗೆ ಅನುಭವ ಇದ್ರೆ ಅವರೂ ಹೇಳಿ. ನಾನು ಯುಎಸ್ ಸಿಟಿಜನ್, ಯಜಮಾನ್ರು ಊರಲ್ಲಿ, ಅಡಿಕೆ ತೋಟ ನೋಡಿಕೊಳ್ತಾರೆ. ಮುಂಬೈಯಲ್ಲಿ ಇಂಟರ್‌ವ್ಯೂ ಆಗಿ ಪಾಸ್‌ಪೋರ್ಟ್ ವಾಪಸ್ ಬಂತು, ವೀಸಾದಲ್ಲಿ ಸಿಆರ್1 ಅಂತ ಉಂಟು, ಆಗಸ್ಟ್ 14ರವರೆಗೆ ವ್ಯಾಲಿಡ್. ನಮ್ಮ ಮದುವೆಗೆ ಎರಡು ವರ್ಷ ತುಂಬುದು ಮೇ 26ಕ್ಕೆ. ನಾನು ಏಪ್ರಿಲ್ ಕೊನೆಗೇ ಒಂದು ಟಿಕೆಟ್ ನೋಡಿ ಇಟ್ಟಿದ್ದೇನೆ, ಇಷ್ಟು ಸಮಯ ಕಾದದ್ದು ಸಾಕು ಅಂತ. ಅತ್ತೆ ಹೇಳುದು ಮಳೆ ಹಿಡಿಯುವ ಮೊದಲು ಅಡಿಕೆಗೆ ಒಂದು ಮದ್ದು ಬಿಟ್ಟಾದ್ರೂ ಹೋಗ್ಲಿ ಅಂತ, ಕೊಳೆರೋಗ ಬಂದ್ರೆ ಮತ್ತೆ ಮರ ಹತ್ತಲಿಕ್ಕೆ ಜನ ಸಿಗುದಿಲ್ಲ. ಮನೆಯಲ್ಲಿ ಈಗ ಅದೇ ಚರ್ಚೆ, ನನಗೆ ಸ್ವಲ್ಪ ಸಿಟ್ಟೂ ಬಂದಿದೆ.

ಇನ್ನೊಂದು, ಅವರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ವೀಸಾದಲ್ಲಿ ಹೆಸರೆಲ್ಲ ಸರ್‌ನೇಮಿಗೆ ಹೋಗಿ ಗಿವನ್ ನೇಮ್ ಜಾಗದಲ್ಲಿ ಎಫ್ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಅಂತ ಬಂದಿದೆ, ಟಿಕೆಟಿಗೆ ಯಾವ ಹೆಸರು ಹಾಕುದು? ಮತ್ತೆ ನಾನು ಇಲ್ಲಿ ಮೊದಲೇ ಎಂತೆಂತ ಮಾಡಿ ಇಡ್ಬೇಕು? ವೀಸಾ ಪೇಪರ್ ಇರುವ ಕವರ್ ಒಂದು ಸೀಲ್ ಮಾಡಿ ಕೊಡ್ತಾರೆ ಅಂತ ಕೇಳಿದ್ದೆ, ಇವರಿಗೆ ಕೊಡ್ಲೇ ಇಲ್ಲ, ಅದೂ ಒಂದು ತಲೆಬಿಸಿ.

ಉತ್ತರ (ಲಾಯರ್, ಊರು ಎಣ್ಮಕಜೆ, ಕೆಲಸ ನ್ಯೂಜೆರ್ಸಿ):

ನಿಮ್ಮ ಅತ್ತೆಗೆ ಇಮಿಗ್ರೇಶನ್ ಕಾನೂನು ಗೊತ್ತಿಲ್ಲದೆ ಇರ್ಬಹುದು, ಆದ್ರೆ ಅವರು ಹೇಳಿದ ತಾರೀಕೇ ಸರಿ. ಏಪ್ರಿಲ್ ಟಿಕೆಟ್ ಮಾಡ್ಬೇಡಿ. ಮೇ 26 ದಾಟಿದ ಮೇಲೆ, ಸಾಧ್ಯ ಇದ್ರೆ ಇನ್ನೆರಡು ಮೂರು ದಿನ ಬಿಟ್ಟು, ಬರ್ಲಿ.

ಯಾಕೆ ಅಂದ್ರೆ ಸಿಆರ್1 ಅಂದ್ರೆ ಕಂಡಿಷನಲ್. ಮದುವೆಯಾಗಿ ಎರಡು ವರ್ಷ ಆಗುವ ಮೊದಲು ಅಮೆರಿಕಕ್ಕೆ ಎಂಟ್ರಿ ಆದ್ರೆ ಎರಡೇ ವರ್ಷದ ಗ್ರೀನ್ ಕಾರ್ಡ್ ಸಿಗುದು, ಅದು ಮುಗಿಯುವ ಮುಂಚಿನ 90 ದಿನದೊಳಗೆ ಇಬ್ಬರೂ ಸೇರಿ ಆ ಕಂಡಿಷನ್ ತೆಗೆಸುವ ಐ-751 ಅರ್ಜಿ ಹಾಕ್ಬೇಕು, ನೀವು ನಿಜವಾಗಿ ಸಂಸಾರ ಮಾಡ್ತಿದ್ದೀರಿ ಅಂತ ಜಾಯಿಂಟ್ ಬ್ಯಾಂಕ್ ಸ್ಟೇಟ್‌ಮೆಂಟ್, ಮನೆ ಬಾಡಿಗೆ ಅಗ್ರಿಮೆಂಟ್, ಟ್ಯಾಕ್ಸ್ ರಿಟರ್ನ್, ಫೋಟೋ ಎಲ್ಲ ಗುಡ್ಡೆ ಹಾಕಿ ಪುನಃ ತೋರಿಸ್ಬೇಕು, ಫೀಸ್ 750 ಡಾಲರ್, ಮತ್ತೆ ಕಾಯುದು. ಎರಡು ವರ್ಷ ಆದ ಮೇಲೆ ಎಂಟ್ರಿ ಆದ್ರೆ ಐಆರ್1, ಹತ್ತು ವರ್ಷದ ಕಾರ್ಡ್, ಈ ಐ-751 ರಗಳೆಯೇ ಇಲ್ಲ. ಇಲ್ಲಿ ಲೆಕ್ಕಕ್ಕೆ ಬರುದು ವೀಸಾ ಕೊಟ್ಟ ದಿನ ಅಲ್ಲ, ಏರ್‌ಪೋರ್ಟಲ್ಲಿ ಆಫೀಸರ್ ಒಳಗೆ ಬಿಟ್ಟ ದಿನ. ನಿಮ್ಮ ವೀಸಾ ಆಗಸ್ಟ್ 14ರವರೆಗೆ ಉಂಟು, ಹಾಗಾಗಿ ಒಂದು ತಿಂಗಳು ಕಾದು ಎರಡು ವರ್ಷದ ಕೆಲಸ ಉಳಿಸುದು. ಮಿಕ್ಕಿದ್ದು ಯಾವುದು ತಪ್ಪಿದ್ರೂ ಆಮೇಲೆ ಸರಿ ಮಾಡ್ಲಿಕ್ಕೆ ದಾರಿ ಉಂಟು, ಇದೊಂದು ತಾರೀಕು ಮಾತ್ರ ಹೋದ್ರೆ ಹೋಯ್ತು. ಹಾಗಂತ ಆಗಸ್ಟ್ ಹತ್ತಿರದವರೆಗೂ ಎಳೀಬೇಡಿ, ಜ್ವರ ಬಂತು ಫ್ಲೈಟ್ ಕ್ಯಾನ್ಸಲ್ ಆಯ್ತು ಅಂತಾದ್ರೆ ವೀಸಾ ಡೇಟ್ ದಾಟಿ ಹೋಗ್ತದೆ, ಜೂನ್ ಮೊದಲ ವಾರ ಒಳ್ಳೇದು.

ವೀಸಾ ಮೇಲೆ ಸಿಆರ್1 ಅಂತಲೇ ಪ್ರಿಂಟ್ ಆಗಿರುದರಿಂದ ಏರ್‌ಪೋರ್ಟಲ್ಲಿ ಬಾಯಿ ಬಿಟ್ಟು ಹೇಳ್ಬೇಕು: ಮದುವೆಯಾಗಿ ಎರಡು ವರ್ಷ ದಾಟಿದೆ, ಐಆರ್1 ಅಂತ ಅಡ್ಮಿಟ್ ಮಾಡಿ ಅಂತ. ಪಂಚಾಯತಿಂದ ಕೊಟ್ಟ ಮ್ಯಾರೇಜ್ ಸರ್ಟಿಫಿಕೇಟ್ ಕೈಚೀಲದಲ್ಲೇ ಇರ್ಲಿ, ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಿ ಆಮೇಲೆ ಒದ್ದಾಡುದು ಬೇಡ. ನಮ್ಮ ಕಡೆಯದ್ದು ಮಲಯಾಳಂ ಇಂಗ್ಲಿಷ್ ಎರಡರಲ್ಲೂ ಇರ್ತದೆ, ಅನುವಾದ ಬೇಡ. ಆಫೀಸರ್ ಸ್ಟ್ಯಾಂಪ್ ಹೊಡೆದ ಕೂಡ್ಲೆ ಅಲ್ಲೇ ನಿಂತು ಪಾಸ್‌ಪೋರ್ಟ್ ನೋಡ್ಲಿ, ಕೈಯಲ್ಲಿ ಎಂತ ಬರೆದಿದ್ದಾರೆ ಅಂತ. ನಮ್ಮ ಜನಕ್ಕೆ ಯೂನಿಫಾರ್ಮ್ ಹಾಕಿದವರ ಎದುರು ಮಾತೇ ಬರುದಿಲ್ಲ, ತಲೆ ಆಡಿಸಿ ಬಂದು ಬಿಡ್ತಾರೆ.

ಕವರಿಗೆ ತಲೆಬಿಸಿ ಬೇಡ. ಮೊದಲು ಎಲ್ಲರಿಗೂ ಸೀಲ್ ಮಾಡಿದ ಕವರ್ ಕೊಡ್ತಿದ್ರು, ಈಗ ತುಂಬ ಕೇಸುಗಳಲ್ಲಿ ಪೇಪರೆಲ್ಲ ಕಂಪ್ಯೂಟರಲ್ಲೇ ಹೋಗ್ತದೆ. ವೀಸಾ ಮೇಲೆ "ಐವಿ ಡಾಕ್ಸ್ ಇನ್ ಸಿಸಿಡಿ" ಅಂತ ಇದ್ರೆ ಕವರ್ ಇಲ್ಲ ಅಂತಲೇ ಅರ್ಥ. ಬೇರೆ ಯಾರಿಗಾದ್ರೂ ಕವರ್ ಸಿಕ್ಕಿದ್ರೆ ಒಡೀಬೇಡಿ.

ಹೆಸರಿನ ವಿಷಯ. ಟಿಕೆಟ್ ವೀಸಾದಲ್ಲಿ ಇದ್ದ ಹಾಗೇ: ಲಾಸ್ಟ್ ನೇಮ್ ಜಾಗದಲ್ಲಿ ಪೂರ್ತಿ ಹೆಸರು, ಫಸ್ಟ್ ನೇಮ್ ಜಾಗದಲ್ಲಿ ಎಫ್ಎನ್‌ಯು. ಈಗ ಹೋಗಿ ಪಾಸ್‌ಪೋರ್ಟ್ ಬದಲಿಸುದು ಬೇಡ, ವೀಸಾಕ್ಕೂ ಪಾಸ್‌ಪೋರ್ಟಿಗೂ ಹೆಸರು ತಾಳೆ ಆಗದೆ ಇನ್ನೊಂದು ತಲೆನೋವು. ಗ್ರೀನ್ ಕಾರ್ಡೂ ಹಾಗೇ ಬರ್ತದೆ, ಬ್ಯಾಂಕಲ್ಲಿ ಲೈಸೆನ್ಸ್ ಆಫೀಸಲ್ಲಿ "ಮಿಸ್ಟರ್ ಫ್ನೂ" ಅಂತ ಕರೀತಾರೆ, ಸಹಿಸ್ಬೇಕು. ಸಿಟಿಜನ್‌ಶಿಪ್ ಹೊತ್ತಿಗೆ ಸರಿ ಮಾಡ್ಲಿಕ್ಕಾಗ್ತದೆ. ಇನ್ನೂ ಐ-130 (ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳುವ ಮೊದಲ ಅರ್ಜಿ) ಹಾಕದವರು ಇದನ್ನು ಓದ್ತಿದ್ರೆ, ಶಾಲೆ ಸರ್ಟಿಫಿಕೇಟಲ್ಲಿ ಬರೀ ಇನಿಷಿಯಲ್ ಇದ್ದದ್ದೇ ಪಾಸ್‌ಪೋರ್ಟಿಗೂ ಹೋಗಿದ್ರೆ, ಪಯ್ಯನ್ನೂರಿನ ಪಾಸ್‌ಪೋರ್ಟ್ ಆಫೀಸಿಗೆ ಒಂದು ಸಲ ಹೋಗಿ ಸರ್‌ನೇಮ್ ಹಾಕಿಸಿ, ಮ್ಯಾರೇಜ್ ಸರ್ಟಿಫಿಕೇಟಲ್ಲೂ ಅದೇ ಹೆಸರು ಇರ್ಲಿ, ಆಮೇಲೆ ಅರ್ಜಿ ಹಾಕಿ.

ಇನ್ನು ನೀವು ಮಾಡುವಂಥದ್ದು. ಯುಎಸ್‌ಸಿಐಎಸ್ (ಗ್ರೀನ್ ಕಾರ್ಡ್ ಕೊಡುವ ಅಮೆರಿಕದ ಇಲಾಖೆ) ಇಮಿಗ್ರೆಂಟ್ ಫೀಸ್ ಕಟ್ಟಿದ್ದೀರಾ? 2024 ಏಪ್ರಿಲ್‌ನಿಂದ 235 ಡಾಲರ್, ಆನ್‌ಲೈನಲ್ಲೇ ಕಟ್ಟುದು, ಎ ಯಿಂದ ಶುರುವಾಗುವ ನಂಬರ್ ಮತ್ತೆ ಬಿಎಂಬಿ ಯಿಂದ ಶುರುವಾಗುವ ಕೇಸ್ ನಂಬರ್ ಬೇಕು. ನೀವೂ ಅವರ ಪರವಾಗಿ ಕಟ್ಬಹುದು. ಅವರು ವಿಮಾನ ಹತ್ತುವ ಮೊದಲು ಕಟ್ಟಿ, ಕಟ್ಟದಿದ್ರೂ ಒಳಗೆ ಬಿಡ್ತಾರೆ ಆದ್ರೆ ಕಾರ್ಡ್ ಪ್ರಿಂಟ್ ಆಗುದಿಲ್ಲ. ಕಾರ್ಡ್ ಬರುವವರೆಗೆ ಸ್ಟ್ಯಾಂಪ್ ಹೊಡೆದ ವೀಸಾವೇ ಒಂದು ವರ್ಷದ ಗ್ರೀನ್ ಕಾರ್ಡ್, ವೀಸಾದ ಕೆಳಗೆ ಹಾಗೇ ಬರೆದಿರ್ತದೆ, ಅದನ್ನು ತೋರಿಸಿ ಕೆಲಸಕ್ಕೂ ಸೇರ್ಬಹುದು.

ಒಂದು ಸಣ್ಣ ಕೆಲಸ, ಯಾರೂ ಹೇಳುದಿಲ್ಲ. ನಿಮ್ಮದು ಅಪಾರ್ಟ್‌ಮೆಂಟ್ ಆದ್ರೆ ಮೇಲ್‌ಬಾಕ್ಸ್ ಬಾಗಿಲಿನ ಒಳಬದಿಯಲ್ಲಿ ಅವರ ಹೆಸರು ಬರೆದು ಅಂಟಿಸಿ, ವೀಸಾದಲ್ಲಿದ್ದ ಅದೇ ರೂಪದಲ್ಲಿ. ಹೊಸ ಹೆಸರು ಕಂಡ್ರೆ ಪೋಸ್ಟ್‌ಮ್ಯಾನ್ ಈ ಮನೆಯವರಲ್ಲ ಅಂತ ವಾಪಸ್ ಕಳಿಸ್ತಾನೆ, ಗ್ರೀನ್ ಕಾರ್ಡ್ ಹೀಗೆ ವಾಪಸ್ ಹೋದ ಕೇಸು ನನ್ನ ಆಫೀಸಿಗೆ ಬರ್ತಾ ಇರ್ತದೆ. ಸೋಷಿಯಲ್ ಸೆಕ್ಯೂರಿಟಿ ಕಾರ್ಡೂ ಅದೇ ಡಬ್ಬಕ್ಕೆ ಬರುದು, ವೀಸಾ ಅರ್ಜಿ ಡಿಎಸ್-260ಯಲ್ಲಿ ಬೇಕು ಅಂತ ಟಿಕ್ ಮಾಡಿದ್ರೆ. ಎರಡು ಮೂರು ವಾರ ಕಾದು ಬರದಿದ್ರೆ ಅವರನ್ನು ಕರ್ಕೊಂಡು ಸೋಷಿಯಲ್ ಸೆಕ್ಯೂರಿಟಿ ಆಫೀಸಿಗೆ ಹೋಗಿ.

ಇನ್ಶೂರೆನ್ಸಿಗೆ ನಿಮ್ಮ ಆಸ್ಪತ್ರೆಯ ಎಚ್ಆರ್ ಹತ್ರ ಈಗಲೇ ಮಾತಾಡಿ, ಬಂದ ಮೇಲೆ ಸೇರಿಸ್ಲಿಕ್ಕೆ ಎಷ್ಟು ದಿನ ಕೊಡ್ತಾರೆ, ಎಂತ ಪ್ರೂಫ್ ಬೇಕು ಅಂತ. ತುಂಬ ಕಡೆ 30 ದಿನವೇ. ಅಲ್ಲಿ ಆಗದಿದ್ರೆ ಇನ್ಶೂರೆನ್ಸ್ ಕೊಳ್ಳುವ ಸರ್ಕಾರಿ ಮಾರ್ಕೆಟ್‌ಪ್ಲೇಸ್ ಉಂಟು, ಹೊರದೇಶದಿಂದ ಬಂದವರಿಗೆ ಸೇರ್ಲಿಕ್ಕೆ 60 ದಿನ. ಡ್ರೈವಿಂಗಿಗೆ ಕಾಸರಗೋಡು ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಬರ್ಲಿ, ಊರಿನ ಲೈಸೆನ್ಸೂ ಜೊತೆಗೆ, ಆದ್ರೆ ಟೆಕ್ಸಾಸಲ್ಲಿ ಲೈಸೆನ್ಸ್ ಬೇಗ ಮಾಡಿಸಿ.

ಪ್ರಶ್ನೆ (ಉಪ್ಪಳ, ಹೆಂಡತಿ ಮುಂದಿನ ತಿಂಗಳು ನನ್ನ ಹತ್ರ ಬರ್ತಾಳೆ):

ಇದೇ ಥ್ರೆಡಲ್ಲಿ ಕೇಳ್ತೇನೆ ಸರ್. ಅವಳ ಚಿನ್ನ ಎಲ್ಲ ತರ್ಬಹುದಾ? ಅಮ್ಮ ಬೇರೆ ಕುಚ್ಚಲಕ್ಕಿ ಹತ್ತು ಕೆಜಿ ಕಟ್ಟಿ ಇಟ್ಟಿದ್ದಾರೆ.

ಉತ್ತರ (ಲಾಯರ್):

ಕುಚ್ಚಲಕ್ಕಿ ಬಿಚ್ಚಿಸಿ. ಖಾಪ್ರಾ ಅಂತ ಒಂದು ಹುಳದ ಕಾರಣಕ್ಕೆ ಭಾರತದಿಂದ ಲಗೇಜಲ್ಲಿ ಅಕ್ಕಿ ತರ್ಲಿಕ್ಕೆ ಬಿಡುದಿಲ್ಲ, ಕಡಲೆಕಾಳೂ ಹಾಗೇ. ಕರಿಬೇವಿನ ಸೊಪ್ಪೂ ಇಲ್ಲ, ಅದು ನಿಂಬೆ ಜಾತಿಯದ್ದು, ಇಲ್ಲಿಯ ಕಿತ್ತಳೆ ತೋಟಗಳಿಗೆ ರೋಗ ತರುವ ಕೀಟ ಅದರಲ್ಲಿ ಬರ್ತದೆ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಧಾರಾಳ. ತಿನ್ನುವಂಥದ್ದು ಉಂಟಾ ಅಂತ ಕೇಳಿದ್ರೆ ಉಂಟು ಅಂತಲೇ ಹೇಳ್ಬೇಕು, ಹೇಳಿ ತೋರಿಸಿದ್ರೆ ಹೆಚ್ಚೆಂದ್ರೆ ತೆಗೆದು ಬಿಸಾಡ್ತಾರೆ, ಮುಚ್ಚಿಟ್ಟು ಸಿಕ್ಕಿದ್ರೆ ದಂಡ. ಚಿನ್ನ ಮೈಮೇಲಿನದ್ದು, ಸ್ವಂತ ಬಳಕೆಯದ್ದು ತರ್ಬಹುದು. ಮುಂದೆ ಊರಿಗೆ ಹೋಗುವಾಗ ಅಲ್ಲಿ ಕಸ್ಟಮ್ಸ್ ತಕರಾರು ಬಾರದ ಹಾಗೆ ಹೊರಡುವ ದಿನ ಏರ್‌ಪೋರ್ಟಲ್ಲೇ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಅದಕ್ಕೆ ಫೋಟೋ, ವ್ಯಾಲ್ಯುವೇಶನ್ ರೆಡಿ ಇರ್ಲಿ, ಒಂದೆರಡು ಗಂಟೆ ಮುಂಚೆ ಹೋಗ್ಬೇಕು.

ಕಾಮೆಂಟ್ (ಪೆರ್ಲ):

ಇಡೀ ಕೊಬ್ಬರಿಯೂ ಹಾಕ್ಬೇಡಿ ಆಯ್ತಾ, ನಮ್ಮ ಏರ್‌ಪೋರ್ಟಲ್ಲೇ ಚೆಕ್-ಇನ್ ಪೆಟ್ಟಿಗೆಯಿಂದ ತೆಗೆಸ್ತಾರೆ, ಬೇಗ ಬೆಂಕಿ ಹಿಡೀತದೆ ಅಂತ. ನನ್ನ ತಂಗಿಯದ್ದು ಲೈನಲ್ಲಿ ಎಲ್ಲರ ಎದುರು ಪೆಟ್ಟಿಗೆ ಬಿಚ್ಚಿಸಿದ್ರು.

ಪ್ರಶ್ನೆ (ಬದಿಯಡ್ಕದವಳು):

ಸರ್ ತುಂಬ ಥ್ಯಾಂಕ್ಸ್, ಅತ್ತೆಗೆ ಓದಿ ಹೇಳಿದೆ, ಅವರು ಗೆದ್ದ ಖುಷಿಯಲ್ಲಿದ್ದಾರೆ. ಇನ್ನೊಂದು ಸಂಶಯ. ಇವರು ಹೇಳುದು ತೋಟ ಬಿಡ್ಲಿಕ್ಕಾಗುದಿಲ್ಲ, ವರ್ಷ ವರ್ಷ ಕೊಯ್ಲಿಗೆ ಬಂದು ಐದಾರು ತಿಂಗಳು ಊರಲ್ಲಿ ಇರ್ತೇನೆ ಅಂತ. ಆಗ್ತದಾ? ಅಡಿಕೆ ದುಡ್ಡಿಗೆ ಇಲ್ಲಿ ಟ್ಯಾಕ್ಸ್ ಉಂಟಾ?

ಉತ್ತರ (ಲಾಯರ್):

ಬಂದು ಹೋಗ್ಬಹುದು, ಆದ್ರೆ ಗ್ರೀನ್ ಕಾರ್ಡ್ ಇಲ್ಲಿ ವಾಸ ಇರುವವರಿಗೆ, ಟೂರಿಸ್ಟಿಗೆ ಅಲ್ಲ. ಒಂದೇ ಸಲ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗೆ ಇರುವ ಹಾಗಿದ್ರೆ ಹೊರಡುವ ಮೊದಲೇ ರೀ-ಎಂಟ್ರಿ ಪರ್ಮಿಟ್ ಬೇಕು. ಆರು ತಿಂಗಳು ದಾಟಿದ್ರೆ ವಾಪಸ್ ಬರುವಾಗ ಪ್ರಶ್ನೆ ಶುರು, ಸಿಟಿಜನ್‌ಶಿಪ್ ಲೆಕ್ಕವೂ ಕೆಡ್ತದೆ. ನೀವು ಸಿಟಿಜನ್ ಆದ ಕಾರಣ, ಒಟ್ಟಿಗೆ ಸಂಸಾರ ಮಾಡಿಕೊಂಡು ಇದ್ರೆ ಅವರು ಮೂರೇ ವರ್ಷಕ್ಕೆ ಸಿಟಿಜನ್‌ಶಿಪ್‌ಗೆ ಹಾಕ್ಬಹುದು, ಆ ಮೂರು ವರ್ಷದಲ್ಲಿ ಕಮ್ಮಿ ಅಂದ್ರೆ 18 ತಿಂಗಳು ಇಲ್ಲಿ ನೆಲದ ಮೇಲೆ ಇರ್ಬೇಕು. ವರ್ಷ ವರ್ಷ ಐದಾರು ತಿಂಗಳು ಅಂದ್ರೆ ಲೆಕ್ಕ ಹೇಗೋ ತುಂಬ್ತದೆ, ಆದ್ರೆ ಏರ್‌ಪೋರ್ಟಲ್ಲಿ ಆಫೀಸರಿಗೆ ಇವರ ಮನೆ ಯಾವ ದೇಶದಲ್ಲಿ ಅಂತ ಸಂಶಯ ಬಂದೇ ಬರ್ತದೆ. ನನ್ನ ಅಭಿಪ್ರಾಯ ಕೇಳಿದ್ರೆ ಮೊದಲ ವರ್ಷ ಆರಾರು ವಾರದ ಮೇಲೆ ಹೋಗುದು ಬೇಡ.

ತೋಟ ಮಾರ್ಬೇಕು ಅಂತ ಇಲ್ಲ. ಅವರು ಇಂಡಿಯನ್ ಸಿಟಿಜನ್ ಆಗಿಯೇ ಇರ್ತಾರೆ, ಊರಲ್ಲಿ ಇದ್ದಾಗ ಇದ್ದ ಕೃಷಿ ಭೂಮಿ ಇಟ್ಟುಕೊಳ್ಬಹುದು, ಹೊಸದು ಖರೀದಿ ಮಾತ್ರ ಆಗುದಿಲ್ಲ. ಹೊರಡುವ ಮೊದಲು ತಮ್ಮನಿಗೋ ಅಪ್ಪನಿಗೋ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಮುಕ್ತ್ಯಾರು ಮಾಡಿ ಕೊಡ್ಲಿ. ಇಲ್ಲಿಗೆ ಬಂದ ಮೇಲೆ ಮಾಡುದಾದ್ರೆ ನೋಟರಿ, ಅಪೊಸ್ಟಿಲ್ ಇಲ್ಲಾ ಕಾನ್ಸುಲೇಟ್, ಊರಿಗೆ ಕಳಿಸಿ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ, ಬರೀ ಓಡಾಟ. ಟ್ಯಾಕ್ಸ್ ಪ್ರಶ್ನೆಗೆ ನಮ್ಮ ಗ್ರೂಪಿನ ಸಿಪಿಎ (ಇಲ್ಲಿಯ ಲೆಕ್ಕಪರಿಶೋಧಕರು) ಅವರು ಹೇಳ್ಲಿ.

ಉತ್ತರ (ಸಿಪಿಎ, ಊರು ಮುಳ್ಳೇರಿಯ):

ಉಂಟು, ಇದು ಕೇಳಿ ಎಲ್ಲರಿಗೂ ಶಾಕ್. ಊರಲ್ಲಿ ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಆದ್ರೆ ಗ್ರೀನ್ ಕಾರ್ಡ್ ಬಂದವರು ಜಗತ್ತಿನ ಎಲ್ಲಾ ಆದಾಯ ಅಮೆರಿಕದ ರಿಟರ್ನಲ್ಲಿ ತೋರಿಸ್ಬೇಕು, ಅಡಿಕೆಯದ್ದೂ ಸೇರಿ. ಮದ್ದು, ಕೂಲಿ, ಗೊಬ್ಬರ ಖರ್ಚು ಕಳೆಯಬಹುದು, ಅದಕ್ಕೇ ಬಿಲ್ ಇಟ್ಟುಕೊಳ್ಳಿ, ಮಂಡಿಯವರು ಕೊಡುವ ಚೀಟಿಯೂ ಬಿಸಾಡ್ಬೇಡಿ. ಊರಲ್ಲಿ ಟ್ಯಾಕ್ಸ್ ಕಟ್ಟದ ಕಾರಣ ಇಲ್ಲಿ ಕ್ರೆಡಿಟ್ ತಗೊಳ್ಳಿಕ್ಕೂ ಎಂತದ್ದೂ ಇಲ್ಲ.

ಇದಕ್ಕಿಂತ ಜನ ಬೀಳುದು ಎಫ್‌ಬಿಎಆರ್ ಅಂತ ಹೊರದೇಶದ ಬ್ಯಾಂಕ್ ಅಕೌಂಟ್‌ಗಳ ರಿಪೋರ್ಟಲ್ಲಿ. ಹೊರದೇಶದ ಎಲ್ಲಾ ಅಕೌಂಟ್ ಒಟ್ಟು ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದ್ರೂ ರಿಪೋರ್ಟ್ ಮಾಡ್ಬೇಕು. ಟ್ಯಾಕ್ಸ್ ಅಲ್ಲ ಅದು, ಬರೀ ಮಾಹಿತಿ, ಕೊಡದಿದ್ರೆ ಮಾತ್ರ ಪೆನಾಲ್ಟಿ ಜೋರು. ನಮ್ಮೂರವರು ಸರ್ವಿಸ್ ಕೋಆಪರೇಟಿವ್ ಬ್ಯಾಂಕಲ್ಲಿ ಅಪ್ಪನ ಜೊತೆ ಇಟ್ಟ ಎಫ್‌ಡಿ ಮರೆತೇ ಬಿಡ್ತಾರೆ, ಜಾಯಿಂಟ್ ಹೆಸರು ಇದ್ರೆ ಅದೂ ಪೂರ್ತಿ ಲೆಕ್ಕಕ್ಕೆ. ಊರಿನ ಸೇವಿಂಗ್ಸ್ ಅಕೌಂಟನ್ನು ಎನ್‌ಆರ್‌ಒ, ಅಂದ್ರೆ ಹೊರದೇಶದಲ್ಲಿ ಇರುವ ಭಾರತೀಯರ ಅಕೌಂಟ್, ಮಾಡಿಸ್ಬೇಕು. ಮ್ಯೂಚುವಲ್ ಫಂಡ್ ಇದ್ರೆ ಬರುವ ಮೊದಲು ನನಗೊಂದು ಮೆಸೇಜ್ ಹಾಕಿ, ಅದು ಇಲ್ಲಿ ಬೇರೆಯೇ ರಾಮಾಯಣ.

ಪ್ರಶ್ನೆ (ಬದಿಯಡ್ಕದವಳು):

ಕೊನೇದು. ಕೊಚ್ಚಿ, ಅಬುಧಾಬಿ, ಚಿಕಾಗೊ, ಅಲ್ಲಿಂದ ಡಲ್ಲಾಸ್ ಅಂತ ಒಂದು ಟಿಕೆಟ್ ಕಾಣ್ತಾ ಉಂಟು, ಜೂನ್ 3. ಅಬುಧಾಬಿಯಲ್ಲಿ ಎರಡು ಗಂಟೆ ಮಾತ್ರ ಗ್ಯಾಪ್. ಮಾಡ್ಲಾ? ಮತ್ತೆ ಆಫೀಸರ್ ಹೇಳಿದ್ರೂ ಕೇಳದೆ ಸಿಆರ್1 ಅಂತಲೇ ಹಾಕಿದ್ರೆ?

ಉತ್ತರ (ಲಾಯರ್):

ತಾರೀಕು ಓಕೆ, ಗ್ಯಾಪ್ ಸಾಲದು. ಅಬುಧಾಬಿಯಲ್ಲಿ ಅಮೆರಿಕದ ಇಮಿಗ್ರೇಶನ್ ಅಲ್ಲೇ ಮುಗಿಸ್ತಾರೆ, ಚಿಕಾಗೊದಲ್ಲಿ ಇಳಿಯುವಾಗ ಡೊಮೆಸ್ಟಿಕ್ ಪ್ಯಾಸೆಂಜರ್ ಹಾಗೆ ಹೊರಗೆ ಬರುದು. ಹೊಸ ಇಮಿಗ್ರೆಂಟನ್ನು ಬೇರೆ ರೂಮಿಗೆ ಕಳಿಸಿ ಕೂರಿಸ್ತಾರೆ, ಬೆರಳಚ್ಚು, ಪೇಪರ್, ಅದಕ್ಕೆ ಎಷ್ಟು ಹೊತ್ತು ಅಂತ ಹೇಳ್ಲಿಕ್ಕಾಗುದಿಲ್ಲ. ನಾಲ್ಕು ಗಂಟೆ ಇದ್ದದ್ದು ನೋಡಿ. ಬೇರೆ ದಾರಿಯಲ್ಲಿ ಬಂದ್ರೂ ಇಮಿಗ್ರೇಶನ್ ಆಗುದು ಅಮೆರಿಕದಲ್ಲಿ ಮೊದಲು ಇಳಿಯುವ ಏರ್‌ಪೋರ್ಟಲ್ಲೇ, ಡಲ್ಲಾಸಲ್ಲಿ ಅಲ್ಲ, ಅಲ್ಲೂ ಅಷ್ಟೇ ಗ್ಯಾಪ್ ಇಡಿ.

ಸಿಆರ್1 ಅಂತಲೇ ಹಾಕಿದ್ರೆ ಸೂಪರ್‌ವೈಸರ್ ಹತ್ರ ಮಾತಾಡ್ಬೇಕು ಅಂತ ಮೆತ್ತಗೆ ಕೇಳ್ಲಿ, ಜಗಳ ಬೇಡ. ಅಲ್ಲೂ ಆಗದಿದ್ರೆ ಒಳಗೆ ಬಂದ ಮೇಲೆ ಡಲ್ಲಾಸಲ್ಲಿ ಸಿಬಿಪಿಯ (ಏರ್‌ಪೋರ್ಟಲ್ಲಿ ಒಳಗೆ ಬಿಡುವ ಆಫೀಸರುಗಳ ಇಲಾಖೆ) ಡಿಫರ್ಡ್ ಇನ್‌ಸ್ಪೆಕ್ಷನ್ ಆಫೀಸ್, ಇಂಥ ಎಂಟ್ರಿ ತಪ್ಪು ತಿದ್ದುವ ಜಾಗ, ಉಂಟು, ಮ್ಯಾರೇಜ್ ಸರ್ಟಿಫಿಕೇಟ್, ಸ್ಟ್ಯಾಂಪ್ ಆದ ಪಾಸ್‌ಪೋರ್ಟ್ ಹಿಡ್ಕೊಂಡು ಅಲ್ಲಿಗೆ ಹೋಗಿ, ಕಾರ್ಡ್ ಪ್ರಿಂಟ್ ಆಗುವ ಮೊದಲೇ ಹೋದ್ರೆ ಕೆಲಸ ಸುಲಭ. ಟಿಕೆಟ್ ಮಾಡಿದ ಮೇಲೆ ವೀಸಾ ಪೇಜಿನ ಫೋಟೋ ನನಗೆ ಪರ್ಸನಲ್ ಆಗಿ ಕಳಿಸಿ, ಇಲ್ಲಿ ಗ್ರೂಪಲ್ಲಿ ಹಾಕ್ಬೇಡಿ.