ಡ್ರೆಸ್ಡೆನ್‌ಗೆ ಒಂದು ಸೆಮಿಸ್ಟರ್: ಹೋಗಿ ಬಂದವರು ಅನುಭವ ಹೇಳ್ತೀರಾ?

ಮೈಸೂರು ಮಲ್ಲಿಗೆ: ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಎಕ್ಸ್‌ಚೇಂಜ್‌ಗೆ ಜರ್ಮನಿಯ ಡ್ರೆಸ್ಡೆನ್‌ಗೆ ಹೊರಟಿದ್ದೀನಿ. ಬ್ಲಾಕ್ಡ್ ಅಕೌಂಟ್‌ಗೆ (ವೀಸಾಗೆ ಅಂತ ಮೊದಲೇ ಖರ್ಚಿನ ದುಡ್ಡು ಕಟ್ಟಿಡೋ ಖಾತೆ, ಅಲ್ಲಿ ಹೋದ್ಮೇಲೆ ತಿಂಗಳಿಗಿಷ್ಟು ಅಂತ ಸಿಗುತ್ತೆ) ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಕಟ್ಟಾಯ್ತು, ವೀಸಾನೂ ಬಂತು. ಹಾಸ್ಟೆಲ್ ಮಾತ್ರ ಇನ್ನೂ ವೇಟಿಂಗ್ ಲಿಸ್ಟ್. ರೂಮ್ ಸಿಗೋವರೆಗೆ ಮೊದಲ ಎರಡು ವಾರ ಎಲ್ಲಿ ಉಳ್ಕೊಳ್ಳೋದು? ಹೋಗಿ ಬಂದವರು ಹೇಳಿ ಪ್ಲೀಸ್.

ಕಡಲ ಕರೆ: ತಂಗಿ, ನನ್ನ ಕತೆ ಕೇಳು. 2023ರಲ್ಲಿ ನಂದೂ ವೇಟಿಂಗ್ ಲಿಸ್ಟೇ. ಆನ್‌ಲೈನಲ್ಲಿ ಒಂದು ಮನೆ ನೋಡಿದೆ, ಬಾಲ್ಕನಿ, ಮರದ ನೆಲ, ಎಲ್ಲಾ ಸೇರಿ ಬಾಡಿಗೆ 425. ಮಾಲೀಕ ಲಂಡನ್‌ನಲ್ಲಿದ್ದಾನಂತೆ, ಕೀ ಕೊರಿಯರ್‌ನಲ್ಲಿ ಕಳಿಸ್ತಾನಂತೆ. ಎರಡು ತಿಂಗಳ ಡೆಪಾಸಿಟ್ 850 ಯೂರೋ ಹಾಕಿದೆ. ಆಗಿನ ರೇಟಿಗೆ ಮುಕ್ಕಾಲು ಲಕ್ಷ. ಅಪ್ಪ ಅಡಿಕೆ ಮಾರಿದ ದುಡ್ಡು. ಕೀ ಇವತ್ತಿಗೂ ಬಂದಿಲ್ಲ. ಹೋಗಿ ನೋಡಿದ್ರೆ ಆ ವಿಳಾಸದಲ್ಲಿ ದಂತವೈದ್ಯರ ಕ್ಲಿನಿಕ್. ಆಮೇಲೆ ಡಾರ್ಮಿಟರಿಯಲ್ಲಿ 12 ರಾತ್ರಿ, ರಾತ್ರಿಗೆ 34, ಒಟ್ಟು 408. ಅಲ್ಲಿ ಮಲಗಿದ್ರೆ ಮನೆ ಮಾಲೀಕರ ಸಹಿ ಪತ್ರ ಸಿಗಲ್ಲ, ಅದಿಲ್ಲದೆ ವಿಳಾಸ ನೋಂದಣಿ ಇಲ್ಲ. ನಾನು ಹೋದ ಬ್ಯಾಂಕಿನವರು ನೋಂದಣಿ ಚೀಟಿ ಇಲ್ದೆ ಖಾತೆ ತೆರೆಯಲ್ಲ ಅಂದ್ರು. ಖಾತೆ ಇಲ್ಲ ಅಂದ್ರೆ ಬ್ಲಾಕ್ಡ್ ಅಕೌಂಟಿನ ದುಡ್ಡೂ ಇಲ್ಲ. ನನ್ನದೇ ದುಡ್ಡು, ನನಗೇ ಇಲ್ಲ! ಐದು ವಾರ ಬ್ರೆಡ್ಡು, ಬಾಳೆಹಣ್ಣು.

ಆಖನ್ ಅಣ್ಣ: ನೋಡದ ಮನೆಗೆ ಯಾರಾದ್ರೂ ದುಡ್ಡು ಕಳಿಸ್ತಾರಾ ಮಾರಾಯ್ರೆ? ನಾನು ಪೂರ್ತಿ ಎರಡು ವರ್ಷ ಮಾಸ್ಟರ್ಸ್ ಮಾಡಿದವನು, ಒಂದು ಸೆಂಟ್ ಮುಂಗಡ ಕೊಟ್ಟಿಲ್ಲ. ಈ ಆರು ತಿಂಗಳ ಎಕ್ಸ್‌ಚೇಂಜ್‌ನವರು ಪ್ರವಾಸಕ್ಕೆ ಬಂದ ಹಾಗೆ ಬರ್ತಾರೆ.

ಕಡಲ ಕರೆ: ಪ್ರವಾಸ ನಿಮ್ಮಜ್ಜಿ ಮನೆಗೆ ಹೋಗೋದು ಸ್ವಾಮಿ. ನಿಮಗೆ ಚಿಕ್ಕಪ್ಪನ ಮಗ ಆಖನ್‌ನಲ್ಲೇ ಇದ್ದ, ಹೋದ ಸಲ ನೀವೇ ಬರೆದಿದ್ರಿ. ಅವನ ಸೋಫಾ ಮೇಲೆ ಮಲಗಿ ನಮಗೆ ಬುದ್ಧಿ ಹೇಳ್ಬೇಡಿ.

ಗದುಗಿನಾಕಿ: ಜಗಳ ಆಮ್ಯಾಲೆ ಆಡ್ರಿ. ನಾ ಬ್ರೌನ್‌ಶ್ವೈಗ್‌ಗೆ ಹೋಗಿದ್ದೆ, ಹಾಸ್ಟೆಲ್ ರೂಮ್ ಸಿಕ್ಕಿತ್ತು, ಏನು ಬಂತು? 2023ರ ಸೆಪ್ಟೆಂಬರ್ 30, ಶನಿವಾರ ಇಳದೆ. ಮರುದಿನ ಆಯ್ತವಾರ. ಮಂಗಳವಾರ ಅಕ್ಟೋಬರ್ 3, ಅವರ ಏಕತಾ ದಿನ, ರಜಾ. ನಡುವಿನ ಸೋಮವಾರ ಕೀ ಕೊಡೋ ಮನಷ್ಯಾ ತಾನೂ ರಜಾ ಹಾಕಿದ್ದ. ಅದಕ್ಕ ಅವರ ಭಾಷಾದಾಗ 'ಸೇತುವೆ ದಿನ' ಅಂತಾರ, ನನಗ ಸೇತುವೆ ಕೆಳಗ ಮಲಗೋ ದಿನ ಆಗಿತ್ತು. ನಾಕು ರಾತ್ರಿ ಲಾಡ್ಜ್, 236 ಯೂರೋ. ರೂಮ್ ಸಿಕ್ಕ ಮ್ಯಾಲೆ ಒಂದ್ ಆಯ್ತವಾರ ರೊಟ್ಟಿ ಬಡಿದೆ. ಬಾಗಲಕ್ಕ ಚೀಟಿ ಅಂಟಿಸಿದ್ರು: ಭಾನುವಾರ ಗೋಡೆಗೆ ಮೊಳೆ ಹೊಡೀಬ್ಯಾಡ್ರಿ ಅಂತ! ಮುಂದಿನ ವಾರ ಒಗ್ಗರಣೆ ಹೊಗಿಗೆ ಅಲಾರಂ ಹೊಡಕೊಂಡು ಫೈರ್ ಬ್ರಿಗೇಡ್ ಬಂತು. ಬಿಲ್ಲು 400ರ ಮ್ಯಾಲೆ. ಸಾಸಿವಿ ಸಿಡಿಯೋ ಮುಂಚೆ ಕಿಟಕಿ ತೆರೀಬೇಕವ್ವಾ, ಬಾಗಲಾ ಅಲ್ಲ. ಕಾರಿಡಾರಿಗೆ ಹೊಗಿ ಹೋದ್ರ ಮುಗೀತು.

ಬ್ಯಾಕ್‌ಲಾಗ್ ಭಟ್ಟ: ಊಟ, ವಸತಿ ಹೇಗೋ ಆಗ್ತದೆ. ಕ್ರೆಡಿಟ್ ವಿಷಯ ಯಾರೂ ಹೇಳ್ತಿಲ್ಲ. ಲರ್ನಿಂಗ್ ಅಗ್ರಿಮೆಂಟ್‌ನಲ್ಲಿ, ಅಂದ್ರೆ ಅಲ್ಲಿ ಯಾವ ವಿಷಯ ಓದ್ತೀವಿ ಅಂತ ಮೊದಲೇ ಮಾಡ್ಕೊಳ್ಳೋ ಒಪ್ಪಂದದಲ್ಲಿ, ಬರೆದ ಒಂದು ವಿಷಯ ಅಲ್ಲಿ ಆ ಸೆಮಿಸ್ಟರ್ ಇರಲೇ ಇಲ್ಲ. ಬದಲಿಗೆ ಬೇರೆದು ತಗೊಂಡೆ, ಇಲ್ಲಿನ ಎಚ್‌ಒಡಿ ಫೋನಲ್ಲಿ 'ನೋಡೋಣ ಬಿಡಪ್ಪಾ' ಅಂದ್ರು. ವಾಪಸ್ ಬಂದಾಗ ಎಚ್‌ಒಡಿ ಬದಲಾಗಿದ್ರು, ಹೊಸಬರು ಒಪ್ಪಲಿಲ್ಲ. ಎರಡು ಪೇಪರ್ ಜೂನಿಯರ್‌ಗಳ ಜೊತೆ ಕೂತು ಬರೆದೆ. ಕ್ಯಾಂಪಸ್ ಪ್ಲೇಸ್‌ಮೆಂಟಿನ ಮೊದಲ ಎರಡು ಕಂಪನಿ ಕೈತಪ್ಪಿತು. 'ನೋಡೋಣ' ಅನ್ನೋದನ್ನ ಇ-ಮೇಲ್‌ನಲ್ಲಿ ಹೇಳಿಸ್ಕೊಳ್ಳಿ.

ಆಖನ್ ಅಣ್ಣ: ಅದಕ್ಕೇ ಹೇಳಿದ್ದು, ಪೂರ್ತಿ ಕೋರ್ಸ್‌ಗೆ ಬರಬೇಕು ಅಂತ.

ಬ್ಯಾಕ್‌ಲಾಗ್ ಭಟ್ಟ: ಅಣ್ಣಾ, ದಯವಿಟ್ಟು.

ಚಿಲ್ರೆ ಚಂದ್ರು: ಅಲ್ಲಿ ಹೋದ ತಿಂಗಳಲ್ಲೇ ರೇಡಿಯೋ-ಟಿವಿ ಶುಲ್ಕದ ಕಾಗದ ಬರುತ್ತೆ, ತಿಂಗಳಿಗೆ 18.36. ನನ್ನ ಹತ್ರ ಟಿವಿನೇ ಇರಲಿಲ್ಲ. ಕಸದ ಬುಟ್ಟಿಗೆ ಹಾಕಿದೆ, ಆರು ತಿಂಗಳು ಮುಗಿಸಿ ಬಂದೆ, ಏನೂ ಆಗಿಲ್ಲ. ಆ ದುಡ್ಡಲ್ಲಿ ಪ್ರಾಗ್ ನೋಡಿದೆ.

ಗದುಗಿನಾಕಿ: ಹುಡುಗಿಗೆ ಇಂಥಾವ ಕಲಿಸಬ್ಯಾಡ್ರಿ. ಟಿವಿ ಇರ್ಲಿ ಬಿಡ್ಲಿ, ಅದು ಮನಿಗೊಂದು ಕಟ್ಟಬೇಕು. ಒಂದ ಮನ್ಯಾಗ ಮೂರು ಮಂದಿ ಇದ್ರ ಒಬ್ರು ಕಟ್ಟಿ ಹಂಚಕೊಂಡ್ರ ತಲಿಗೆ 6.12. ನಾ ಕಟ್ಟೀನಿ.

ಚಿಲ್ರೆ ಚಂದ್ರು: ಕಟ್ಟಿದವರಿಗೆ ಕಟ್ಟದವರನ್ನ ಕಂಡ್ರೆ ಹೊಟ್ಟೆಕಿಚ್ಚು ಸಹಜ ಬಿಡಿ ಅಕ್ಕಾ.

ಗದುಗಿನಾಕಿ: ಹೊಟ್ಟಿಕಿಚ್ಚಲ್ಲಪ್ಪಾ, ಬರೂ ಮುಂದ ವಿಳಾಸ ರದ್ದು ಮಾಡಿಸಿ ಬಂದೀಯೇನು? ಇಲ್ಲಂದ್ರ ಅಲ್ಲಿ ಮೀಟರ್ ಇನ್ನೂ ಓಡ್ತಿರತದ. ಮುಂದ ಮಾಸ್ಟರ್ಸ್‌ಗೆ ಅಂತ ಮತ್ತ ಹೋಗಿ ಹೆಸರು ಬರಸು, ಹಳೇ ಬಾಕಿ ದಂಡದ ಸಮೇತ ನಿನ್ನ ಹುಡುಕ್ಕೊಂಡು ಬರತದ.

ಚಿಲ್ರೆ ಚಂದ್ರು: …ವಿಳಾಸ ರದ್ದು ಆನ್‌ಲೈನಲ್ಲಿ ಮಾಡಬಹುದಾ?

ಮೈಸೂರು ಮಲ್ಲಿಗೆ: ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ಆ ಮೊದಲ ಎರಡು ವಾರ…

ಕಡಲ ಕರೆ: ಡಾರ್ಮಿಟರಿನೇ ಗತಿ ತಂಗಿ. ಈಗಲೇ ಬುಕ್ ಮಾಡು, ರದ್ದು ಮಾಡಿದ್ರೆ ದುಡ್ಡು ವಾಪಸ್ ಕೊಡೋಂಥದ್ದು ನೋಡ್ಕೋ. ಸಣ್ಣ ಬೀಗ ಒಂದು ತಗೊಂಡು ಹೋಗು, ಲಾಕರ್ ಇರುತ್ತೆ, ಬೀಗ ಇರಲ್ಲ. ನನ್ನ ಕುಕ್ಕರ್ ಅಲ್ಲೇ ಹೋಯ್ತು.

ಗದುಗಿನಾಕಿ: ಕುಕ್ಕರ್ ಯಾರು ಕದೀತಾರ?

ಕಡಲ ಕರೆ: ನಮ್ಮೋರೇ ಯಾರೋ ಅಂತ ನನ್ನ ಅನುಮಾನ. ಗ್ಯಾಸ್ಕೆಟ್ ಬಿಟ್ಟು ಹೋಗಿದ್ರು.