ಅಪ್‌ಡೇಟ್: ಲಿಕರ್, ಲಿಕ್ಯೂರ್ ಗೊಂದಲ ಬಗೆಹರಿಯಿತು

ಕಳೆದ ವಾರ ಕೇಳಿದ್ದೆ, ನೆನಪಿದೆಯಾ? ನಾನು ಅನುವಾದ ಮಾಡುತ್ತಿರುವ ಇಂಗ್ಲಿಷ್ ಅಡುಗೆ ಬರಹದಲ್ಲಿ ಒಂದು ಕಡೆ ‘ಲಿಕ್ಯೂರ್’, ಇನ್ನೊಂದು ಕಡೆ ‘ಲಿಕರ್’ ಇತ್ತು. ಎರಡೂ ಒಂದೇನಾ ಅಂತ.

ಒಂದೇ ಅಲ್ಲ. “ಸ್ಪೆಲ್ಲಿಂಗ್ ತಪ್ಪಿರಬೇಕು, ಎರಡಕ್ಕೂ ಮದ್ಯ ಅಂತ ಹಾಕಿ” ಅಂದವರ ಮಾತು ಕೇಳಿ ಹಾಗೇ ಹಾಕಿದೆ. ಆಯ್ಸ್ಟರ್ (ಚಿಪ್ಪಿನೊಳಗೆ ಬದುಕುವ ಒಂದು ಕಡಲಜೀವಿ) ಸೂಪಿಗೆ ಮದ್ಯ ಸುರಿದಂತಾಯಿತು! ಅಲ್ಲಿ ‘ಆಯ್ಸ್ಟರ್ ಲಿಕರ್’ ಅಂದರೆ ಚಿಪ್ಪಿನೊಳಗೆ ಇರುವ ಉಪ್ಪುಪ್ಪು ರಸ, ಅಷ್ಟೇ.

“ಸಕ್ಕರೆ ಇದೆಯಾ ನೋಡಿ” ಅಂದವರ ಸಲಹೆಯೇ ಕೆಲಸ ಮಾಡಿತು. ಲಿಕ್ಯೂರ್ ಅಂದರೆ ಹಣ್ಣು, ಕಾಫಿ, ಮಸಾಲೆಯ ಪರಿಮಳ ಸೇರಿಸಿದ ಸಿಹಿ ಮದ್ಯ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಸಾಮಾನ್ಯವಾಗಿ ಲೀಟರಿಗೆ ಕನಿಷ್ಠ 100 ಗ್ರಾಂ ಸಕ್ಕರೆ ಬೇಕು. ಲಿಕರ್ ಅಂದರೆ ರೂಢಿಯಲ್ಲಿ ವಿಸ್ಕಿ, ರಮ್ಮಿನಂಥವು. ಉಚ್ಚಾರಣೆಯಲ್ಲೂ ಒತ್ತು ಬೇರೆ: ಲಿಕರ್‌ಗೆ ಮೊದಲಲ್ಲಿ, ಲಿಕ್ಯೂರ್‌ಗೆ ಕೊನೆಯಲ್ಲಿ.

ನನಗೆ ಆಶ್ಚರ್ಯವಾಗಿದ್ದು ಬೇರೆ. ಲ್ಯಾಟಿನ್‌ನಲ್ಲಿ ಲಿಕರ್ ಅಂದರೆ ಸುಮ್ನೆ ‘ದ್ರವ’. ಅದಕ್ಕೇ ಟೀ ರುಚಿ ನೋಡುವವರು ಕುದಿನೀರಲ್ಲಿ ಬಸಿದ ಡಿಕಾಕ್ಷನ್ನನ್ನೂ ಲಿಕರ್ ಅಂತಾರೆ. ಕಾಗದದ ಕಾರ್ಖಾನೆಯಲ್ಲಿ ಮರದ ಚೂರು ಬೇಯಿಸಿದ ಮೇಲೆ ಉಳಿಯುವ ಕಪ್ಪು ದ್ರವದ ಹೆಸರು ‘ಬ್ಲ್ಯಾಕ್ ಲಿಕರ್’. ಅದನ್ನಂತೂ ಯಾರೂ ಕುಡಿಯಲ್ಲ!