ಹಳೆಯ ಆರ್‌ವಿ (ವಾಸಕ್ಕಾಗುವ ವಾಹನ): ಗೀಸರ್ ನೀರು ವಿಪರೀತ ಕಾಯುತ್ತಿದೆ

ಪ್ರಶ್ನೆ: ಅಮೆರಿಕದಲ್ಲಿ ಕೊಂಡ 1998ರ ಆರ್‌ವಿ. 6 ಗ್ಯಾಲನ್ ಗೀಸರ್, ಗ್ಯಾಸ್ ಮತ್ತು 120 ವೋಲ್ಟ್ ಎರಡರಲ್ಲೂ ನಡೆಯುತ್ತದೆ. ಗ್ಯಾಸಿನಲ್ಲಿ ಮಾತ್ರ ನೀರು ಸುಡುವಷ್ಟು ಕಾದು ರೀಸೆಟ್ ಬಟನ್ ಹಾರುತ್ತದೆ. ಏನು ಬದಲಿಸಲಿ?

ಉತ್ತರ 1: ಕರೆಂಟಿನಲ್ಲಿ ಸರಿಯಿದೆ ಎಂದರೆ ಅರ್ಧ ಹುಡುಕಾಟ ಮುಗಿಯಿತು ಸರ್. ಗ್ಯಾಸಿನ ಉರಿಯನ್ನು ನಡೆಸುವ 12 ವೋಲ್ಟ್ (ಬ್ಯಾಟರಿ) ಕಡೆಯ ಥರ್ಮೋಸ್ಟಾಟ್, ಅಂದರೆ ನೀರು ಸಾಕಷ್ಟು ಕಾದಾಗ ಉರಿ ಆರಿಸುವ ಸ್ವಿಚ್, ನೋಡಿ. ಅದು ಟ್ಯಾಂಕಿಗೆ ಒತ್ತಿ ಕೂರಬೇಕು; ನಡುವೆ ತುಕ್ಕು, ಸಂದು ಇದ್ದರೆ ಶಾಖ ತಡವಾಗಿ ತಲುಪಿ ಉರಿ ಆರುವುದಿಲ್ಲ. ಗ್ಯಾಸ್, ಕರೆಂಟ್, ಬ್ಯಾಟರಿ ಮೂರನ್ನೂ ಆಫ್ ಮಾಡಿ, ತಣಿದ ಮೇಲೆ ಬಿಚ್ಚಿ ಉಜ್ಜಿ. ಆದರೂ ಹಾಗೇ ಇದ್ದರೆ 130 ಡಿಗ್ರಿ ಫ್ಯಾರನ್‌ಹೀಟ್ ಥರ್ಮೋಸ್ಟಾಟ್, 180 ಡಿಗ್ರಿ ಹೈ ಲಿಮಿಟ್ (ಮಿತಿಮೀರಿ ಕಾದರೆ ಉರಿ ನಿಲ್ಲಿಸುವ ಸುರಕ್ಷಾ ಸ್ವಿಚ್) ಇರುವ ಜೋಡಿಯನ್ನೇ ಹಾಕಿ.

ಉತ್ತರ 2: ಗ್ಯಾಸ್ ವಾಲ್ವಿನ ವೈರ್ ಕಳಚಿದರೂ ಉರಿ ಆರದಿದ್ದರೆ ವಾಲ್ವೇ ಸಿಕ್ಕಿಕೊಂಡಿದೆ, ತಕ್ಷಣ ಸಿಲಿಂಡರ್ ಮುಚ್ಚಿ. ಹೈ ಲಿಮಿಟ್ ಅನ್ನು ವೈರ್ ಕೊಟ್ಟು ದಾಟಿಸಲೇಬೇಡಿ, ಪ್ರಾಣಾಪಾಯ.